ಮುಚ್ಚಳದ ಮೇಲೆ ಕೂತ ಅವ್ವ

ನಮ್ಮೂರಿನಲ್ಲಿ ಕೊಡೆ ಬಿಚ್ಚುವುದು ಮಳೆಗಲ್ಲ. ಬೆಳಗಿನ ಹೊತ್ತು ಮಕ್ಕಳು ಹಿತ್ತಲಿನ ಬಟ್ಟಲ ಮೇಲೆ ಕೂತು ಎದ್ದ ಮೇಲೆ, ಯಾವ ಮಗುವಿನ ಕರುಳು ಒಳಗೊಳಗೇ ಕೆರಳಿದೆಯೋ ಆ ಮಗು ಬಿಟ್ಟುಬಂದದ್ದು ಬಟ್ಟಲಿನಿಂದ ಮೆಲ್ಲಗೆ ಮೇಲೇಳುತ್ತದೆ. ಗಾಳಿಪಟದ ಹಾಗೆ ಅತ್ತಿತ್ತ ವಾಲಾಡಿ ಏರುತ್ತದೆ. ಊರಿನವರು ಮರ್ಯಾದೆಗೆ ಅದನ್ನು ಪಟ ಎನ್ನುತ್ತಾರೆ. ಹಾಲು ತರಲು ಹೋದವರು ಕೊಡೆ ಹಿಡಿದೇ ಹೋಗುತ್ತಾರೆ, ‘ಇವತ್ತು ಯಾರ ಮನೇದು?’ ಎಂದು ಕೊಡೆಯ ಅಂಚಿನಿಂದ ಇಣುಕಿ ಕೇಳುತ್ತಾರೆ. ಬಿಸಿಲೇರುವ ಹೊತ್ತಿಗೆ ಪಟಗಳು ಊರಾಚೆಯ ಹೊಲಕ್ಕೆ ತೇಲಿಹೋಗಿ ಇಳಿದುಬಿಡುತ್ತವೆ. ಆ ಹೊಲದ ಬದನೆಕಾಯಿಗೆ ಸುತ್ತಮುತ್ತಲೆಲ್ಲ ಬಹಳ ಒಳ್ಳೆಯ ಹೆಸರು. ಗುಟ್ಟೇನು ಎಂದು ಹೊರಗಿನವರು ಕೇಳಿದರೆ ಮಣ್ಣಿನ ಗುಣ ಅನ್ನುತ್ತೇವೆ.

ಪಟ ಓದುವುದು ನಮ್ಮೂರಿನ ಹೆಂಗಸರಿಗೆ ಅಕ್ಷರ ಕಲಿಯುವ ಮೊದಲೇ ಬರುತ್ತಿತ್ತು. ಹಸುಗೂಸಿನದು ಮುಗಿಲು ಮುಟ್ಟಿದರೂ ಯಾರೂ ಕತ್ತೆತ್ತುವುದಿಲ್ಲ. ಕೂಸಿನ ಕರುಳು ಇನ್ನೂ ಹೊಸದು, ಅದು ಹಾಗೆಯೇ. ಓಡಾಡುವ ವಯಸ್ಸಿನ ಮಗುವಿನದು ಹೆಂಚಿನ ಮಟ್ಟಕ್ಕಿಂತ ಕೆಳಗಿದ್ದರೆ ಸರಿ. ತೆಂಗಿನ ಮರದ ತಲೆ ಮುಟ್ಟಿದರೆ ಏನೋ ಹಳಸಿದ್ದು ತಿಂದಿದೆ, ಕೆಟ್ಟ ನೀರು ಕುಡಿದಿದೆ, ಒಂದೆರಡು ವಾರ ಕಾದು ನೋಡಬೇಕು. ನೀರಿನ ಟ್ಯಾಂಕನ್ನೂ ದಾಟಿ ಹೋಗುತ್ತಿದ್ದರೆ, ಮತ್ತೆ ಮತ್ತೆ ಹಾಗೆಯೇ ಹೋಗುತ್ತಿದ್ದರೆ, ಡಾಕ್ಟರ ಹತ್ತಿರ ಓಡಬೇಕು. ಇಷ್ಟರ ಮೇಲೆ ಊರು ನೆಮ್ಮದಿಯಾಗಿ ನಡೆದುಕೊಂಡು ಬಂದಿತ್ತು.

ಆಮೇಲೆ ದೊಡ್ಡಲಿಂಗಯ್ಯನವರು ಪುರಸಭೆಯ ಅಧ್ಯಕ್ಷರಾದರು. ಬೇರೆ ಊರುಗಳಿಗೆ ಸ್ವಚ್ಛ ಬೀದಿಯ ಬಹುಮಾನ ಬಂದದ್ದನ್ನು ನೋಡಿ ಹೊಟ್ಟೆ ಉರಿದುಕೊಂಡು, ನಮ್ಮೂರಿಗೆ ಸ್ವಚ್ಛ ಆಕಾಶದ ಬಹುಮಾನ ತರುತ್ತೇನೆಂದು ಹೊರಟರು. ಯೋಜನೆಗೆ ‘ನಿರ್ಮಲ ಮುಗಿಲು’ ಎಂದು ಹೆಸರಾಯಿತು. ಮಕ್ಕಳ ಕರುಳು ಯಾಕೆ ಕೆರಳುತ್ತಿದೆ ಎಂದು ಯಾರೂ ಕೇಳಲಿಲ್ಲ. ಮನೆಮನೆಗೂ ಒಂದು ತಗಡಿನ ಪೀಪಾಯಿ, ಅದಕ್ಕೊಂದು ಕಬ್ಬಿಣದ ಮುಚ್ಚಳ ಹಂಚಿದರು. ಮುಚ್ಚಳದ ಮೇಲೆ ದೊಡ್ಡಲಿಂಗಯ್ಯನವರ ನಗುಮುಖ. ಬಟ್ಟಲಲ್ಲಿದ್ದದ್ದನ್ನು ಪೀಪಾಯಿಗೆ ಸುರಿಯಿರಿ, ಮುಚ್ಚಿ, ಮುಗಿಯಿತು. ಯಾರ ಮನೆಯಿಂದ ಪಟ ಎದ್ದಿತೋ ಆ ಮನೆಯ ಬಾಗಿಲಿಗೆ ಹಳದಿ ಬೋರ್ಡು ಬೀಳುತ್ತದೆ, ಆ ಮಗುವನ್ನು ಶಾಲೆಗೆ ಸೇರಿಸುವುದಿಲ್ಲ.

ನಾನು ಸುಮ್ಮನಿರುವ ಹೆಂಗಸಲ್ಲ. ಸೈಕಲ್ ಶಾಪಿನ ಹಿಂದಿನ ಕೋಣೆಯಲ್ಲಿ ವಾರವಾರ ಸೇರುವ ನಮ್ಮ ಓದು ಬಳಗದಲ್ಲಿ ಕೂತು, ಆಳುವವರಿಗೆ ಜನರ ರೋಗಕ್ಕಿಂತ ರೋಗದ ನೋಟವೇ ಯಾವಾಗಲೂ ದೊಡ್ಡ ಕಿರಿಕಿರಿ ಎಂದು ಓದಿಕೊಂಡವಳು. ಹಗಲು ರವಿಕೆ ಹೊಲಿದು, ಸಂಜೆ ಗೋಡೆಯ ಮೇಲೆ ಘೋಷಣೆ ಬರೆಯುತ್ತೇನೆ. ‘ಮುಚ್ಚಳ ಬೇಡ, ಮದ್ದು ಕೊಡಿ’ ಎಂದು ಪುರಸಭೆಯ ಗೋಡೆಗೇ ಬರೆದೆ. ಅದರ ಮೇಲೆ ಸುಣ್ಣ ಬಳಿದರು. ಮತ್ತೆ ಬರೆದೆ, ಮತ್ತೆ ಬಳಿದರು. ಆ ಗೋಡೆಯಷ್ಟು ಬೆಳ್ಳಗಿರುವ ಗೋಡೆ ಊರಲ್ಲಿ ಇನ್ನೊಂದಿಲ್ಲ.

ಊರಿನ ಗೋಡೆಗೆಲ್ಲ ಬುದ್ಧಿ ಹೇಳುತ್ತಿದ್ದವಳ ಮನೆಯ ಹಿತ್ತಲಲ್ಲೇ ಆದ ಕತೆ ಇದು.

ನನ್ನ ಅಣ್ಣನ ಮಗಳು ಹೊಂಬಾಳೆ. ಅಣ್ಣ ಅತ್ತಿಗೆ ಇಬ್ಬರೂ ಬೆಳಕು ಹರಿಯುವ ಮುಂಚೆ ಬಟ್ಟೆ ಕಾರ್ಖಾನೆಯ ಬಸ್ಸು ಹತ್ತುವವರು; ಹುಡುಗಿಯನ್ನು ಎಬ್ಬಿಸಿ ಶಾಲೆಗೆ ಕಳಿಸುವುದು ನಮ್ಮವ್ವ ದೇವಾಜಮ್ಮನ ಕೆಲಸ. ಆ ವರ್ಷ ಹೊಂಬಾಳೆ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುವುದು ಹೆಚ್ಚಾಯಿತು. ಲಂಗದ ಲಾಡಿಯನ್ನು ನಾನು ಬಿಗಿ ಮಾಡಿದಷ್ಟೂ ಲಂಗ ಜಾರುತ್ತಿತ್ತು. ಅವಳ ಜೊತೆಯ ಮಕ್ಕಳೆಲ್ಲ ಉದ್ದವಾದರು, ಇವಳು ಮಾತ್ರ ಹೋದ ವರ್ಷದ ಅಂಗಿಯೊಳಗೇ ಉಳಿದಳು. ಶಾಲೆಯ ಮೇಷ್ಟ್ರು, ಗಣಿತದ ಪಿರಿಯಡ್ಡಿಗೆ ಸರಿಯಾಗಿ ಬರುವ ಹೊಟ್ಟೆನೋವು ಇದು ಎಂದು ನಕ್ಕರು. ಹೊಂಬಾಳೆಗೆ ಗಣಿತವೆಂದರೆ ಪ್ರಾಣ. ಆ ನಗು ಅವಳಿಗೆ ಹೊಟ್ಟೆಗಿಂತ ಜೋರಾಗಿ ನೋಯಿತು.

ಮಕ್ಕಳ ಡಾಕ್ಟರು ಮೆಹರುನ್ನೀಸಾ ಅವರ ಹತ್ತಿರ ಅವ್ವನೂ ನಾನೂ ಕರೆದುಕೊಂಡು ಹೋದೆವು. ಡಾಕ್ಟರು ಹುಡುಗಿಯ ಹೊಟ್ಟೆ ಒತ್ತಿ ನೋಡಿ, ತೂಗಿ, ಅವ್ವನ ಕಡೆ ತಿರುಗಿದರು.

“ಪಟ ಎಷ್ಟೆತ್ತರ ಹೋಗುತ್ತೆ ಅಜ್ಜಿ?”

“ಪಟವಾ? ನಮ್ಮನೇಲಾ?” ಅವ್ವ ಸೆರಗು ಸರಿಮಾಡಿಕೊಂಡಳು. “ನೆಲ ಬುಟ್ಟು ಕದಲಾಕಿಲ್ಲ ಕಣವ್ವ. ದೇವ್ರ ಮುಂದ್ಲ ದೀಪ್ದಂಗೆ ಕುಂತಿರ್ತದೆ.”

“ನೋವಿನ ಮಾತ್ರೆ ಏನಾದ್ರೂ ಕೊಡ್ತಿದ್ದೀರಾ? ಅದರಿಂದಲೂ ಒಮ್ಮೊಮ್ಮೆ ಹಾರುತ್ತೆ.”

“ಹಾರದೇ ಇಲ್ಲ ಅಂತೀನಿ, ಇನ್ಯಾವ ಮಾತ್ರೆ ಬುಡವ್ವ.”

ಡಾಕ್ಟರು ಪೆನ್ನಿನ ತುದಿಯಿಂದ ಹಣೆ ಕೆರೆದುಕೊಂಡರು. “ಹಾರದೇ ಇರೋ ಹೊಟ್ಟೆನೋವೂ ಇರುತ್ತೆ. ಅದೇನೂ ನಾಟಕ ಅಲ್ಲ, ನೋವು ನೋವೇ. ಆದರೆ ಹಾರ್ತಿಲ್ಲ ಅಂದ್ರೆ ಚಿಕ್ಕ ಹುಡುಗಿಗೆ ಸುಮ್ನೆ ಒಳಗೆ ಪೈಪು ಇಳಿಸಿ ನೋಡೋಕೆ ನನಗೆ ಮನಸ್ಸು ಬರಲ್ಲ. ತೂಕ ಇಳಿದಿರೋದು ಮಾತ್ರ ಸರಿ ಕಾಣ್ತಿಲ್ಲ. ನಾಳೆದನ್ನ ಇಲ್ಲಿಗೇ ತಂದುಬಿಡಿ, ನನ್ನ ಕಣ್ಣಾರೆ ನೋಡ್ತೀನಿ.”

“ಅದನ್ನ ಹೊತ್ಕೊಂಡು ಬೀದೀಲಿ ಬರೋದಾ? ಮಾನವಂತ್ರು ಕಣವ್ವ ನಾವು,” ಎಂದು ಅವ್ವ ಹೊಂಬಾಳೆಯ ಕೈ ಹಿಡಿದು ಎದ್ದೇಬಿಟ್ಟಳು.

ಆ ವಾರ ಊರಿಗೆ ಬಹುಮಾನದ ತಪಾಸಣೆ ತಂಡ ಬರುವುದಿತ್ತು. ಬೀದಿಗೆ ತೋರಣ ಕಟ್ಟಿದರು. ಮುಗಿಲು ಎಷ್ಟು ಖಾಲಿಯಾಗಿತ್ತೆಂದರೆ ಕಾಗೆಗಳೂ ಹಾರಲು ಸಂಕೋಚಪಡುತ್ತಿದ್ದವು. ಹೊಲದವನೊಬ್ಬ ಮಾತ್ರ, ಬದನೆಗಿಡ ಸೊರಗುತ್ತಿದೆ ಎಂದು ಪುರಸಭೆಗೆ ದೂರು ಕೊಟ್ಟು ಬೈಸಿಕೊಂಡು ಬಂದ. ಅವರೆಕಾಯಿಯ ಕಾಲ. ಅವ್ವ ದಿನಾ ಬೆಳಿಗ್ಗೆ ಮೊರದ ತುಂಬ ನೆನೆಸಿದ ಕಾಳು ಇಟ್ಟುಕೊಂಡು ಹಿತ್ತಲಿಗೆ ಹೋದರೆ ಮಧ್ಯಾಹ್ನದ ತನಕ ಒಳಗೆ ಬರುತ್ತಿರಲಿಲ್ಲ. ಕಾಳು ಹಿಚುಕಿ ಸಿಪ್ಪೆ ಬಿಡಿಸುತ್ತಾಳೆ, ಪಾಪ, ವಯಸ್ಸಾಗಿದೆ, ನಿಧಾನ, ಎಂದುಕೊಂಡಿದ್ದೆ. ಇಡೀ ಬೀದಿಗೆ ಹಂಚಿದರೂ ಮುಗಿಯದಷ್ಟು ಹಿತಕವರೆ ಸಾರು ಮನೆಯಲ್ಲಿ ಆಗುತ್ತಿತ್ತು.

ತಂಡ ಬರುವ ದಿನ ಬೆಳಿಗ್ಗೆ ನಾನು ಹೊಂಬಾಳೆಗೆ ಜಡೆ ಹಾಕುತ್ತಿದ್ದೆ. ನೋವಿಗೆ ಅವಳ ಬೆನ್ನು ಬಾಗಿತ್ತು.

“ಅತ್ತೆ, ನಂಗೆ ಹುಷಾರಾಗ್ದೆ ಇದ್ರೆ ಅಜ್ಜಿ ಯಾವಾಗ್ಲೂ ಅಲ್ಲೇ ಕೂತಿರ್ಬೇಕಾ?”

“ಎಲ್ಲಿ?”

“ಪೀಪಾಯಿ ಮುಚ್ಚಳದ ಮೇಲೆ. ಮೊದ್ಲು ರುಬ್ಬೋ ಗುಂಡು ಇಡ್ತಿತ್ತು. ಅದು ಸಾಲ್ದೆ ಈಗ ತಾನೇ ಕೂತ್ಕೊಳುತ್ತೆ. ಕಾರ್ಖಾನೆ ಬಸ್ಸಲ್ಲಿ ಕೂತಂಗೆ ಕುಲುಕಾಡುತ್ತೆ ಅಜ್ಜಿ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡೈತೆ.” ಕತ್ತು ತಿರುಗಿಸಿ, “ನಿಂಗೆ ಹೇಳಿದ್ರೆ ಲೆಕ್ಕಕ್ಕಿಲ್ಲ ಅಲ್ವಾ?” ಎಂದಳು.

ಬಾಚಣಿಗೆ ಜಡೆಯಲ್ಲೇ ಬಿಟ್ಟು ಹಿತ್ತಲಿಗೆ ಓಡಿದೆ. ಅವ್ವ ಪೀಪಾಯಿಯ ಮೇಲೆ ದೊಡ್ಡಲಿಂಗಯ್ಯನವರ ನಗುಮುಖದ ಮೇಲೆಯೇ ಭದ್ರವಾಗಿ ಕೂತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಕಾಳು ಹಿಚುಕುತ್ತಿದ್ದಳು. ಮುಚ್ಚಳ ಒಂದು ಬೆರಳಿನಷ್ಟು ಏಳುತ್ತಿತ್ತು, ಅವ್ವ ಒಮ್ಮೆ ಕುಕ್ಕುತ್ತಿದ್ದಳು, ಅದು ಕೂರುತ್ತಿತ್ತು. ಕಾಳು, ಕುಕ್ಕು, ಕಾಳು, ಕುಕ್ಕು. ಪೀಪಾಯಿಯ ಒಳಗಿನಿಂದ ದುಡಿ ಬಡಿದಂಥ ಸದ್ದು ಬರುತ್ತಿತ್ತು.

“ಎಷ್ಟು ದಿನದ್ದು ಐತವ್ವ ಒಳಗೆ?”

“ವಾರದ್ದು. ಹೊಸದನ್ನ ಸಂದೀಲಿ ತೂರಿಸ್ತೀನಿ, ಪೂರ್ತಿ ಮುಚ್ಚಳ ತೆಗುದ್ರೆ ತಾನೆ ಖಾಲಿ ಮಾಡೋದು? ತಗದ್ರೆ ಓಡೋಯ್ತದೆ. ಹಳೇದಾದ್ರೆ ತಣ್ಣಗಾಯ್ತದೆ ಅನ್ಕಂಡಿದ್ದೆ, ಬಿಸ್ಲಿಗೆ ಒಸಿ ಮಲಗಿ ಬೆಳಗಾದ್ರೆ ಮತ್ತೆ ಏಳ್ತದೆ, ಮುಂಡೇದು ಕೆಡೋದೂ ಇಲ್ಲ, ತಣ್ಣಗಾಗೋದೂ ಇಲ್ಲ.”

“ಡಾಕ್ಟ್ರತ್ರ ಸುಳ್ಳು ಹೇಳಿದ್ಯಲ್ಲವ್ವ.”

“ಹೂಂ, ಹೇಳ್ದೆ.” ಅವ್ವ ಇನ್ನೊಂದು ಕಾಳು ಹಿಚುಕಿದಳು. “ನೀನು ಗ್ವಾಡೆ ಮ್ಯಾಲೆ ಬರ್ಕಂಡು ಹೋಗ್ತೀಯ. ಬಾಗ್ಲಿಗೆ ಹಳ್ದಿ ಬೋಲ್ಡು ಬಿದ್ರೆ ಮಗು ಇಸ್ಕೂಲಿಗೆ ಹೋಗಂಗಿಲ್ಲ. ಲೆಕ್ಕದಲ್ಲಿ ಎಲ್ರಿಗಿಂತ ಮುಂದವಳೆ ನನ್ನ ಮೊಮ್ಮಗ್ಳು. ಮನೇಲಿ ಕುಂತು ಅವರೇಕಾಳು ಹಿಚುಕ್ಲಾ, ನನ್ನಂಗೆ? ಕುಂತ್ಕಂಡ್ರೆ ನಾನೊಬ್ಳು ಕುಂತ್ಕತೀನಿ. ಅವಳು ಎದ್ದು ಓಡಾಡ್ಲಿ.”

ನಾನು ಘೋಷಣೆ ಬರೆಯುವ ಕೈಯಲ್ಲೇ ಅವಳ ತೋಳು ಹಿಡಿದು ಎಳೆದೆ.

“ಅವಳು ಎಲ್ಲಿ ಓಡಾಡ್ತಾವ್ಳವ್ವ? ಒಳಗೆ ಮುದುಡ್ಕೊಂಡವ್ಳೆ. ಹೋಗಿ ನೋಡು. ಏಳು ಮೇಲೆ.”

“ತಂಡದೋರು ಹೋಗ್ಲಿ, ಏಳ್ತೀನಿ.”

“ಅಷ್ಟೊತ್ಗೆ ಮಗು ಏನಾಗಿರ್ತದೋ. ದೊಡ್ಡಲಿಂಗಯ್ಯನ ಮಾನ ಕಾಯೋಕೆ ನಮ್ಮನೆ ಮಗು ಸಾಯ್ಬೇಕಾ?”

ಸಾಯುವ ಮಾತು ಎತ್ತಿದ್ದಕ್ಕೆ ಅವ್ವನಿಗೆ ರೇಗಿತು. “ಅಪಶಕುನದ ಮಾತಾಡ್ತೀಯಾ, ಮೂದೇವಿ,” ಎಂದು ನನ್ನ ತಲೆಗೊಂದು ಕೊಡಲು ಅರ್ಧ ಎದ್ದಳು.

ಆ ಅರ್ಧವೇ ಸಾಕಾಯಿತು.

ಮುಚ್ಚಳ ನಿಧಾನವಾಗಿ ಎದ್ದಿತು. ಅವ್ವ ಮತ್ತೆ ಕುಕ್ಕಿದಳು, ಕುಕ್ಕಿದ್ದು ಗಾಳಿಯಲ್ಲಿ. ವಾರದ್ದೆಲ್ಲ ಒಂದಾಗಿ, ಊಟದ ತಟ್ಟೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದ ಹಾಗೆ, ಮುಚ್ಚಳವನ್ನೂ ಅದರ ಮೇಲಿದ್ದ ನಮ್ಮವ್ವನನ್ನೂ ಅವರೆಕಾಳಿನ ಮೊರವನ್ನೂ ಹೊತ್ತು ಹೆಂಚಿನ ಮಟ್ಟ ದಾಟಿತು. “ಮುದ್ದಮ್ಮ, ಒಲೆ ಮ್ಯಾಲೆ ಹಾಲೈತೆ,” ಎಂದು ಅವ್ವ ಮೇಲಿನಿಂದ ನನ್ನನ್ನು ಕೂಗಿದಳು. ಹೊಂಬಾಳೆ ಹೊಟ್ಟೆ ಹಿಡಿದುಕೊಂಡೇ ಬಂದು ನನ್ನ ಪಕ್ಕ ನಿಂತು ಕತ್ತೆತ್ತಿದಳು. ನಾನು ಕೊಡೆ ಬಿಚ್ಚಿ ಅವಳ ಕೈಗೂ ಒಂದು ಕೊಟ್ಟು, ಮೇಲೆ ನೋಡಿಕೊಂಡೇ ಬೀದಿಗೆ ಓಡಿದೆ.

ಪುರಸಭೆಯ ಮುಂದಿನ ಪೆಂಡಾಲಿನಲ್ಲಿ ದೊಡ್ಡಲಿಂಗಯ್ಯನವರು ಮೈಕು ಹಿಡಿದಿದ್ದರು. “ಮಾನ್ಯರೇ, ನಮ್ಮ ಮುಗಿಲನ್ನು ನೋಡಿ. ತೊಳೆದಿಟ್ಟ ಕನ್ನಡಿ. ಇದರಲ್ಲಿ ಒಂದು ಹುಳವನ್ನು ತೋರಿಸಿದರೂ ನಾನು ಮೀಸೆ ಬೋಳಿಸುತ್ತೇನೆ.” ಆಗ ಮೇಲಿನಿಂದ, ನೀಟಾಗಿ ಸಿಪ್ಪೆ ಬಿಡಿಸಿದ ಅವರೆಬೇಳೆ ತಪಾಸಣೆ ಅಧಿಕಾರಿಯ ಬೋಳುತಲೆಯ ಮೇಲೆ ಉದುರತೊಡಗಿತು. ಅಧಿಕಾರಿ ಒಂದನ್ನು ಎತ್ತಿಕೊಂಡು ನೋಡಿ, ತಲೆಯೆತ್ತಿದರು.

“ಅದೇನ್ರೀ ಅದು?”

“ಹದ್ದು ಸಾರ್,” ಎಂದರು ದೊಡ್ಡಲಿಂಗಯ್ಯನವರು.

“ಹದ್ದು ಸೀರೆ ಉಟ್ಟಿದೆಯಲ್ರೀ.”

ತೆಂಗಿನ ಮರ ದಾಟಿ, ಟ್ಯಾಂಕಿನ ಹೊಟ್ಟೆ ದಾಟಿ, ಅವ್ವನ ಸವಾರಿ ಟ್ಯಾಂಕಿನ ತಲೆಗೆ ತಾಗಿ ನಿಂತಿತು. ಅವ್ವ ಬಸ್ಸಿನಿಂದ ಇಳಿದ ಹಾಗೆ ಇಳಿದು, ಮುಚ್ಚಳವನ್ನೂ ಬಿಡದೆ ಎಳೆದುಕೊಂಡಳು. ಮುಚ್ಚಳ ತಪ್ಪಿದ್ದೇ ವಾರದ ಪಟ ಹಗುರಾಗಿ, ಯಾರ ಹಂಗೂ ಇಲ್ಲದೆ, ಮೋಡದ ಕಡೆ ಹೊರಟುಹೋಯಿತು. ಪೆಂಡಾಲಿನ ಹತ್ತಿರ ಕೊಡೆ ಹಿಡಿದು ನಿಂತಿದ್ದ ಡಾಕ್ಟರು ಮೆಹರುನ್ನೀಸಾ ಅದನ್ನು ಕಣ್ಣು ಕಿರಿದು ಮಾಡಿ ನೋಡಿದರು. “ದೇವರ ಮುಂದಿನ ದೀಪ,” ಎಂದರು ತಮ್ಮಷ್ಟಕ್ಕೆ.

ಅವ್ವ ಅಲ್ಲಿಂದ ಊರನ್ನು ನೋಡಿದಳು. ನಾವು ಯಾರೂ ಅಷ್ಟೆತ್ತರದಿಂದ ನಮ್ಮೂರನ್ನು ನೋಡಿದವರಲ್ಲ. ಎಲ್ಲರ ಹಿತ್ತಲೂ ಅವಳಿಗೆ ಒಟ್ಟಿಗೆ ಕಂಡವು. ಆಮೇಲೆ ಮೈಕು ಬೇಡದ ಗಂಟಲಲ್ಲಿ ಕೂಗಿದಳು.

“ಅಯ್ಯೋ, ಎಲ್ಲಾರೂ ಕುಂತವ್ರೆ ಕಣೇ ಮುದ್ದಮ್ಮ. ನಾನೊಬ್ಳೇ ಅನ್ಕಂಡಿದ್ದೆ. ಮನೆಗೊಬ್ರು ಮುಚ್ಚಳದ ಮ್ಯಾಲೆ ಕುಂತವ್ರೆ. ಒಬ್ಳು ಹೂವು ಕಟ್ತಾವ್ಳೆ. ಒಬ್ಬ ಪೇಪರ್ ಓದ್ತಾವ್ನೆ. ದೊಡ್ಡಲಿಂಗಯ್ಯ, ನಿನ್ನ ಹೆಂಡ್ರೂ ಕುಂತವ್ರೆ ಕಣಪ್ಪ, ಮೆತ್ತೆ ಹಾಕ್ಕಂಡು.”

ಜನರೆಲ್ಲ ದೊಡ್ಡಲಿಂಗಯ್ಯನವರನ್ನು ನೋಡಿದರು. ಅವರು ಮೈಕಿನ ವೈರು ಬಿಡಿಸುವುದರಲ್ಲಿ ತುಂಬ ಮಗ್ನರಾಗಿದ್ದರು.

ಅವ್ವನ ಕಾಲ ಬಳಿ ಏನೋ ಪಟಪಟ ಎಂದಿತು. ಬಗ್ಗಿ ನೋಡಿದಳು. ಟ್ಯಾಂಕಿನ ತಲೆಯಲ್ಲಿ ಮನುಷ್ಯ ಇಳಿಯುವಷ್ಟು ಅಗಲದ ಕಂಡಿ, ಅದರಿಂದ ಪಾರಿವಾಳಗಳು ಹಾರಿ ಬಂದವು. ಒಳಗೆ ನಾವೆಲ್ಲ ಕುಡಿಯುವ ನೀರು. ನೀರಿನ ಮೇಲೆ ಪುಕ್ಕ, ಹಿಕ್ಕೆ, ಯಾವುದೋ ಸತ್ತ ಹಕ್ಕಿ.

“ಲೋ ದೊಡ್ಡಲಿಂಗಯ್ಯ,” ಎಂದಳು ಅವ್ವ. ಈ ಸಲ ಕೂಗಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. “ಊರಿನ್ ಮಕ್ಳ ಕಕ್ಕಕ್ಕೆಲ್ಲ ಮುಚ್ಚಳ ಕೊಟ್ಟೆ. ಕುಡಿಯೋ ನೀರಿಗೆ ಮುಚ್ಚಳ ಇಲ್ವಲ್ಲೋ.”

ನಾನು ಎಷ್ಟೋ ವರ್ಷ ಗೋಡೆಗಳ ಮೇಲೆ ಬರೆದದ್ದೆಲ್ಲ ಸೇರಿದರೂ ಆ ಒಂದು ಮಾತಿನಷ್ಟು ಆಗುತ್ತಿರಲಿಲ್ಲ. ಯಾರೂ ಕೂಗಲಿಲ್ಲ, ಕಲ್ಲೆಸೆಯಲಿಲ್ಲ. ಹಿತ್ತಲುಗಳಲ್ಲಿ ಕೂತಿದ್ದವರು ಎದ್ದರು, ಅಷ್ಟೇ. ಹೂವು ಕಟ್ಟುತ್ತಿದ್ದವಳು ಎದ್ದಳು, ಪೇಪರು ಓದುತ್ತಿದ್ದವನು ಮಡಚಿಟ್ಟು ಎದ್ದ. ಬೀದಿಬೀದಿಯಿಂದ ಮುಚ್ಚಳಗಳು ಢಣಢಣ ಬಿದ್ದವು. ನಮ್ಮೂರಿನ ಮುಗಿಲು, ಪುಣ್ಯಕ್ಕೆ, ಮತ್ತೆ ತುಂಬಿಕೊಂಡಿತು. ತಪಾಸಣೆ ಅಧಿಕಾರಿ ಕೊಡೆ ತಂದಿರಲಿಲ್ಲ. ಬಹುಮಾನದ ಫಲಕವನ್ನೇ ತಲೆಯ ಮೇಲೆ ಹಿಡಿದು ಜೀಪಿನ ಕಡೆ ಓಡಿದರು. ಟ್ಯಾಂಕು ತೊಳೆಸುತ್ತೇನೆ, ಹಳದಿ ಬೋರ್ಡು ಕೀಳಿಸುತ್ತೇನೆ ಎಂದು ದೊಡ್ಡಲಿಂಗಯ್ಯನವರು ಮೈಕಿನಲ್ಲಿ ಹೇಳುವ ತನಕ ಅವ್ವ ಕೆಳಗಿಳಿಯಲಿಲ್ಲ. ಟ್ಯಾಂಕಿನ ಏಣಿ ಇಳಿಯುವ ಮುಂಚೆ ತಾನು ಕೂತು ಬಂದ ಮುಚ್ಚಳವನ್ನು ಟ್ಯಾಂಕಿನ ಕಂಡಿಯ ಮೇಲೆ ಎಳೆದಳು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು.

ದೊಡ್ಡಲಿಂಗಯ್ಯನವರ ಹೆಂಡತಿ ಮೆತ್ತೆಯ ಸಮೇತ ಎದ್ದಾಗ ಅವರ ಪೀಪಾಯಿಯಿಂದ ಏನೂ ಹಾರಲಿಲ್ಲ. ಅವರ ಮೊಮ್ಮಗ ಹೊಟ್ಟೆನೋವೆಂದು ಅಳುವುದು ನಿಜ, ಹಾರುವುದು ಮಾತ್ರ ಇಲ್ಲ. ಹಾರಿಬಿಟ್ಟರೆ ಎಂಬ ಭಯಕ್ಕೇ ಆಕೆ ಕೂತಿದ್ದರಂತೆ. ಹಾರದ್ದು ನೋಡಿ ದೊಡ್ಡಲಿಂಗಯ್ಯನವರು ಹುಡುಗನಿಗೆ ‘ಕಳ್ಳ’ ಎಂದು ಕೈಯೆತ್ತಿದಾಗ ಡಾಕ್ಟರು ನಡುವೆ ಬಂದು ಅವನನ್ನೂ ತಾವು ಪರೀಕ್ಷಿಸಬೇಕಾದ ಮಕ್ಕಳ ಸಾಲಿನಲ್ಲಿ ಕೂರಿಸಿಕೊಂಡರು.

ಸಂಜೆ ಡಾಕ್ಟರು ನಮ್ಮ ಮನೆಗೇ ಬಂದರು. ಅವ್ವ ತಲೆ ತಗ್ಗಿಸಿ ಕೂತಿದ್ದಳು.

“ಬೈಯೋಕೆ ಬಂದಿಲ್ಲ ಅಜ್ಜಿ. ಕೇಳಿ. ಕರುಳಿನ ಗೋಡೇಲಿ ಎಲ್ಲಾದ್ರೂ ಗಾಯ, ಉರಿ ಆದ್ರೆ ರಕ್ತದಲ್ಲಿರೋ ಬಿಳಿ ಕಣಗಳು ಅಲ್ಲಿಗೆ ಓಡಿ ಬರ್ತವೆ. ಅವುಗಳೊಳಗೆ ಒಂದು ಪ್ರೋಟೀನ್ ಇರುತ್ತೆ. ಕ್ಯಾಲ್‌ಪ್ರೊಟೆಕ್ಟಿನ್ ಅಂತ. ಜಗಳದಲ್ಲಿ ಕಣ ಒಡೆದು ಅದು ಚೆಲ್ಲಿ, ಹೊರಗೆ ಬರುತ್ತೆ. ಅದು ಹೆಚ್ಚಿದ್ದಷ್ಟೂ ಪಟ ಎತ್ತರ. ಬೇಗ ಕೆಡೋದಿಲ್ಲ, ನೀವು ವಾರ ಕೂತ್ರೂ ಜಗ್ಗಲಿಲ್ಲ ನೋಡಿ.”

“ಅಂದ್ರೆ ಮಗೀಗೆ ಏನಾಗೈತವ್ವ?”

“ಅದನ್ನ ಪಟ ಹೇಳಲ್ಲ. ಜಗಳ ಆಗ್ತಿದೆ ಅಂತ ಹೇಳುತ್ತೆ, ಯಾರು ಯಾಕೆ ಶುರು ಮಾಡಿದ್ರು ಅಂತ ಹೇಳಲ್ಲ.”

ಅವ್ವನಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದಳು. ಇದು ನನಗೆ ಗೊತ್ತಿರುವ ಭಾಷೆ. “ನಮ್ ಮೆರವಣಿಗೆ ಆದ ಮಾರನೇ ದಿನ ಬೀದಿ ತುಂಬ ಕರಪತ್ರ ಬಿದ್ದಿರ್ತವಲ್ಲವ್ವ. ಗುಡಿಸೋರಿಗೆ ಅದನ್ನ ನೋಡಿದ್ರೇ ಎಷ್ಟು ಜನ ಸೇರಿದ್ರು ಅಂತ ಗೊತ್ತಾಗ್ತದೆ. ಯಾಕೆ ಸೇರಿದ್ರು ಅಂತ ಗೊತ್ತಾಗ್ಬೇಕಾದ್ರೆ ಬಂದು ನಮ್ಮನ್ನೇ ಕೇಳ್ಬೇಕು.”

“ಕರಪತ್ರದ ಮ್ಯಾಲೆ ಬರ್ದಿರಲ್ವಾ?” ಎಂದಳು ಅವ್ವ.

“ನಮ್ಮ ಕರಪತ್ರ ಯಾರು ಓದ್ತಾರವ್ವ,” ಎಂದೆ. ಡಾಕ್ಟರು ನಕ್ಕರು. ಅವ್ವನೂ ನಕ್ಕಳು, ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಟ್ಯಾಂಕು ತೊಳೆದ ಮೇಲೆ ಕೆಲವೇ ವಾರಗಳಲ್ಲಿ ಬೀದಿಯ ಮಕ್ಕಳ ಪಟಗಳು ತೆಂಗಿನ ಮರದಿಂದ ಹೆಂಚಿಗೆ, ಹೆಂಚಿನಿಂದ ಬಟ್ಟಲಿಗೆ ಇಳಿದವು. ಹೊಂಬಾಳೆಯದು ಇಳಿಯಲಿಲ್ಲ. ಒಂದೇ ಬೆಳಗಿನದ್ದು, ಯಾರೂ ಮೇಲೆ ಕೂರದೆ, ಮತ್ತೆ ಮತ್ತೆ ನೋಡಿದರೂ ಟ್ಯಾಂಕನ್ನು ದಾಟಿಯೇ ಹೋಯಿತು. ಆಗ ಡಾಕ್ಟರು ಅವಳನ್ನು ದೊಡ್ಡ ಆಸ್ಪತ್ರೆಗೆ ಕಳಿಸಿ, ನಿದ್ದೆ ಬರಿಸಿ, ಕ್ಯಾಮೆರಾ ಇರುವ ಪೈಪು ಇಳಿಸಿ ನೋಡಿಸಿದರು. ಸಣ್ಣ ಕರುಳು ಮುಗಿಯುವ ಜಾಗದಲ್ಲಿ ಹುಣ್ಣುಗಳ ಸಾಲು. ಇದು ಕೆಟ್ಟ ನೀರಿನ ಕಾಟವಲ್ಲ, ತನ್ನ ಮೈಯೇ ತನ್ನ ಕರುಳಿನ ಮೇಲೆ ಮುನಿಸಿಕೊಳ್ಳುವ ಕಾಯಿಲೆ, ಬಹಳ ಕಾಲ ಜೊತೆಗಿರುತ್ತದೆ, ಆದರೆ ಹಿಡಿತಕ್ಕೆ ಬರುತ್ತದೆ ಎಂದರು. ಮೊದಲು ಊಟವೇ ಇಲ್ಲ. ಡಾಕ್ಟರು ಕೊಟ್ಟ ಪುಡಿ ಕಲಸಿದ ಹಾಲಿನಂಥದ್ದು ಮೂರು ಹೊತ್ತೂ. ಹೊಂಬಾಳೆ ಮೂಗು ಮುಚ್ಚಿಕೊಂಡು ಕುಡಿದಳು. ಅವಳ ಮುಂದೆ ತಾನು ಮುದ್ದೆ ಉಣ್ಣುವುದು ಹೇಗೆಂದು ಅವ್ವ ಅಡುಗೆಮನೆಯ ಬಾಗಿಲು ಹಾಕಿಕೊಂಡು ಉಂಡಳು. ‘ವಾಸ್ನೆ ಬರುತ್ತೆ ಅಜ್ಜಿ, ಬಾಗ್ಲು ಹಾಕಿದ್ರೂ,’ ಎಂದು ಈಚೆಯಿಂದ ಹುಡುಗಿ ಕೂಗುತ್ತಿದ್ದಳು. ಪಟ ಬಟ್ಟಲು ಬಿಟ್ಟು ಏಳದ ದಿನ ಮುದ್ದೆ, ಹಿತಕವರೆ ಸಾರು ಎಂದು ಮಾತಾಯಿತು.

ಅದು ಇಳಿಯುವುದನ್ನು ಇಡೀ ಊರು ನೋಡಿತು. ಟ್ಯಾಂಕಿನ ಹೊಟ್ಟೆಗೆ ಬಂತು. ತೆಂಗಿನ ಗರಿಗೆ ಬಂತು. ಒಮ್ಮೆ ಮತ್ತೆ ಮೇಲೆ ಹೋಗಿ ಎಲ್ಲರ ಎದೆ ಒಡೆಸಿತು, ಡಾಕ್ಟರು ಮದ್ದು ಬದಲಿಸಿದರು, ಮತ್ತೆ ಇಳಿಯಿತು. ಲಂಗದ ಲಾಡಿ ನಾನು ಸಡಿಲ ಮಾಡಿಕೊಡಬೇಕಾಯಿತು. ಮೇಷ್ಟ್ರು ಗಣಿತದ ಪುಸ್ತಕ ಹಿಡಿದು ಮನೆಗೆ ಬಂದು, ಬಾಗಿಲಲ್ಲಿ ನಿಂತು, ಒಂದು ಕಷ್ಟದ ಲೆಕ್ಕ ಕೊಟ್ಟು ಹೋದರು. ಅವಳು ಅವರು ಗೇಟು ದಾಟುವ ಮುಂಚೆ ಬಿಡಿಸಿ ಕರೆದಳು.

ಕೊನೆಗೊಂದು ಬೆಳಿಗ್ಗೆ ನಮ್ಮ ಹಿತ್ತಲಿನ ಬೇಲಿಯ ಸುತ್ತ ಅಕ್ಕಪಕ್ಕದವರೆಲ್ಲ ಕೊಡೆ ಹಿಡಿದು ಸೇರಿದ್ದರು. ದೊಡ್ಡಲಿಂಗಯ್ಯನವರೂ ಬಂದಿದ್ದರು, ಮೀಸೆಯಿಲ್ಲದೆ. ಹೊಂಬಾಳೆ ಬಟ್ಟಲಿನಿಂದ ಎದ್ದು ಪಕ್ಕಕ್ಕೆ ನಿಂತಳು. ಬಟ್ಟಲಲ್ಲಿದ್ದದ್ದು ಸ್ವಲ್ಪ ಅಲುಗಿತು. ಅಂಚಿನ ತನಕ ಬಂತು. ಯೋಚಿಸಿತು. ಮತ್ತೆ ಕೂತುಕೊಂಡಿತು.

ನಾವು ಕಾದೆವು. ಅದು ಏಳಲಿಲ್ಲ.

“ಇಷ್ಟೇನಾ?” ಎಂದಳು ಹೊಂಬಾಳೆ, ನಿರಾಸೆಯಿಂದ. ಬಂದವರಿಗೂ ಹಾಗೆಯೇ ಅನಿಸಿರಬೇಕು. ಒಬ್ಬೊಬ್ಬರಾಗಿ ಕೊಡೆ ಮಡಚಿದರು.

ಅವ್ವ ಮಾತ್ರ ಬಹಳ ಹೊತ್ತು ಬಟ್ಟಲನ್ನೇ ನೋಡುತ್ತ ನಿಂತಿದ್ದಳು. ಅಭ್ಯಾಸ ಬಲದಿಂದ ಅವಳ ಸೊಂಟ ಒಮ್ಮೆ ಕೂರಲು ಬಗ್ಗಿತು. ನೆಟ್ಟಗಾದಳು. ಆಮೇಲೆ ಮೊರ ತೆಗೆದುಕೊಂಡು ಬೀದಿ ಕಡೆಯ ಜಗಲಿಗೆ ಹೋಗಿ, ಎಲ್ಲರಿಗೂ ಕಾಣುವ ಹಾಗೆ ನೆಲದ ಮೇಲೆ ಕೂತು, ಕಾಳು ಹಿಚುಕತೊಡಗಿದಳು.